ಎರವಲು ತಂದ ಬುಡ್ಡಿ

ಹಾಡಿಸಿ, ಅಳಿಸಿ, ಆಮೇಲೆ ಓಟು ಕೇಳುವ ಟೀವಿ ಕಾರ್ಯಕ್ರಮಗಳ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಇದನ್ನು ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ಊಟಕ್ಕೆ ಕೂತಾಗಲೂ ಹೇಳುತ್ತೇನೆ, ಅದಕ್ಕೇ ನನ್ನ ಹೆಂಡತಿ ನನ್ನ ತಟ್ಟೆಯನ್ನು ಟೀವಿ ಇಲ್ಲದ ಕೋಣೆಗೆ ತಂದಿಡುತ್ತಾಳೆ. ಯಾರು ಗೆಲ್ಲಬೇಕೆಂದು ಅವರು ಮೊದಲೇ ಬರೆದಿಟ್ಟಿರುತ್ತಾರೆ, ನೋಡುವ ಪೆದ್ದರು ಬೆರಳು ಸವೆಯುವಷ್ಟು ಫೋನು ಒತ್ತುತ್ತಾರೆ, ನಾನು ಮಾತ್ರ ಒತ್ತುವುದಿಲ್ಲ ಅಂತ ಆಣೆ ಮಾಡಿದ್ದೆ. ಹೀಗೆಲ್ಲ ಭಾಷಣ ಬಿಗಿಯುತ್ತಿದ್ದವನ ಮಗಳೇ ಅಲ್ಲಿಗೆ ಹೋಗಿ, ಕೊನೆಯ ಆರು ಜನರಲ್ಲಿ ಒಬ್ಬಳಾಗಿ ನಿಂತಳು. ಅಲ್ಲಿಗೆ ನನ್ನ ಬಾಯಿಗೆ ಬೀಗ ಬಿತ್ತು.

ನಾನು ಮಹದೇವು. ಶಿವನಸಮುದ್ರದ ಪವರ್ ಹೌಸಿನಲ್ಲಿ ಇಪ್ಪತ್ತೇಳು ವರ್ಷದಿಂದ ಆಪರೇಟರ್ ಆಗಿದ್ದೇನೆ. ಮನೆ ಮಳವಳ್ಳಿಯಿಂದ ಆರು ಮೈಲಿ ಆಚೆ, ನಾಲೆ ಪಕ್ಕದ ಊರಲ್ಲಿ. ಮಗಳು ಪ್ರಿಯಾಂಕ ಮಳವಳ್ಳಿ ಕಾಲೇಜಿನಲ್ಲಿ ಕೊನೆಯ ವರ್ಷ. ನನ್ನಪ್ಪ ಕೆಂಪಸಿದ್ದಯ್ಯ ತಂಬೂರಿ ಹಿಡಿದು ಪದ ಹೇಳುತ್ತಿದ್ದವನು. ಅವನ ಕಂಠ ನನ್ನನ್ನು ದಾಟಿಕೊಂಡು ಹೋಗಿ ಅವಳ ಗಂಟಲಲ್ಲಿ ಕೂತಿದೆ. ನಾನು ಹಾಡಿದರೆ ಎಮ್ಮೆ ಹಗ್ಗ ಕಿತ್ತುಕೊಳ್ಳುತ್ತದೆ.

ಅವಳು ಆರರಲ್ಲಿ ಬಂದ ವಾರವೇ ಮಳವಳ್ಳಿ ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿತು. ‘ಮಂಡ್ಯದ ಮಗಳಿಗೇ ನಿಮ್ಮ ಓಟು’ ಎಂದು ಬರೆದಿತ್ತು. ಅದರಲ್ಲಿ ಚಲುವರಾಜು ಎಂಬ ಪುಢಾರಿಯ ಮುಖ ಅಂಗಡಿ ಬಾಗಿಲಷ್ಟು ದೊಡ್ಡದು, ನನ್ನ ಮಗಳದು ಕೆಳಗೆ ಮೂಲೆಯಲ್ಲಿ ರೇಷನ್ ಕಾರ್ಡಿನ ಫೋಟೋದಷ್ಟು. ಪಂಚಾಯಿತಿ ಚುನಾವಣೆ ಹತ್ತಿರದಲ್ಲಿತ್ತು. ಅದುವರೆಗೆ ನಮ್ಮ ಕೇರಿಗೆ ಕಾಲಿಡದಿದ್ದ ಆಸಾಮಿ ನಮ್ಮ ಬಾಗಿಲಿಗೇ ಬಂದು, “ನಮ್ಮುಡ್ಗಿ ಕಣಣ್ಣ, ಗೆಲ್ಸೇ ಗೆಲ್ಲುಸ್ತೀವಿ” ಅಂದ. ಕಾಫಿ ತರಿಸುತ್ತೇನೆ ಅಂದರೆ ಮಾತ್ರ, ಈಗ ತಾನೇ ಕುಡಿದೆ ಅಂತ ಎದ್ದು ಹೋದ.

ಮುಂದಿನ ಭಾನುವಾರದ ಕಾರ್ಯಕ್ರಮ ವಿಶೇಷವಂತೆ. ‘ಹಾಡಿಗೊಂದು ದೀಪ’ ಅಂತ ಹೆಸರು. ಒಬ್ಬ ಸಿನಿಮಾ ನಟ ಬಂದು ಕೂರುತ್ತಾನೆ, ನೋಡುವವರಲ್ಲಿ ದಾನ ಕೇಳುತ್ತಾನೆ, ಕರೆಂಟಿಲ್ಲದ ಮನೆಗಳಿಗೆ ಸೋಲಾರ್ ದೀಪ ಹಂಚುತ್ತಾರೆ. ಅದೇ ದಿನ ಆರು ಜನರಲ್ಲಿ ಒಬ್ಬರು ಆಟದಿಂದ ಆಚೆ. ಉಳಿದ ಐವರಿಗೆ ಅದರ ಮುಂದಿನ ವಾರ ದೊಡ್ಡ ವಾದ್ಯವೃಂದದ ಜೊತೆ ತಮಗಿಷ್ಟ ಬಂದ ಒಂದು ಹಾಡು ಹಾಡುವ ಅವಕಾಶ. ನನ್ನ ಮಗಳು ಅಲ್ಲಿ ತಾತನ ಪದ ಹಾಡಬೇಕೆಂದು ಜೀವ ಹಿಡಿದುಕೊಂಡಿದ್ದಳು. ಆ ಒಂದು ವಾರ ಉಳಿದರೆ ಸಾಕು, ಆಮೇಲೆ ಏನಾದರೂ ಆಗಲಿ ಅನ್ನುತ್ತಿದ್ದಳು.

ಗುರುವಾರ ಮಧ್ಯಾಹ್ನ ಟೀವಿಯವರು ಕ್ಯಾಮೆರಾ ಹೊತ್ತು ಅವಳನ್ನು ಕರೆದುಕೊಂಡು ಮನೆಗೆ ಬಂದರು. ಅವರ ಮುಂದಾಳು ಶಶಿಧರ್ ಅಂತ, ಮೂವತ್ತರ ಹುಡುಗ. ನಮ್ಮ ತಾರಸಿ ಮನೆ, ಫ್ರಿಜ್ಜು, ಗೋಡೆಗೆ ಹಾಕಿದ ಟೀವಿ ಎಲ್ಲ ನೋಡಿ ಅವನ ಮುಖ ಇಳಿದುಹೋಯಿತು.

“ಮಹದೇವಣ್ಣ, ನಾನೂ ಮದ್ದೂರಿನವನೇ, ಮುಚ್ಚುಮರೆ ಇಲ್ದೆ ಹೇಳ್ತೀನಿ” ಅಂದ. “ಒಬ್ಬನ ಅಪ್ಪ ಆಟೋ ಓಡಿಸ್ತಾರೆ. ಇನ್ನೊಬ್ಬಳಿಗೆ ತಾಯಿ ಇಲ್ಲ. ಪ್ರಿಯಾಂಕಂಗೆ ಕಥೆನೇ ಇಲ್ಲ. ಕಥೆ ಇಲ್ದೆ ಓಟು ಬರಲ್ಲ, ಈ ವಾರ ಹೋಗ್ಬಿಡ್ತಾಳೆ.”

“ಪದ ಏಳಕ್ ಬತ್ತದಲ್ಲಪ್ಪ ಅವ್ಳಿಗೆ, ಸಾಲ್ದಾ?”

“ಅದು ಆರು ಜನಕ್ಕೂ ಬರುತ್ತಣ್ಣ.”

ಅವನ ಉಪಾಯ ಇಷ್ಟೇ. ಮನೆ ಕತ್ತಲು ಮಾಡಬೇಕು. ಪ್ರಿಯಾಂಕ ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂತು ಹಾಡಿಕೊಳ್ಳಬೇಕು. ದೀಪದ ಸಂಚಿಕೆಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ? ಯಾರೂ ಬಾಯಿಬಿಟ್ಟು ಸುಳ್ಳು ಹೇಳಬೇಕಾಗಿಲ್ಲ, ಮಿಕ್ಕಿದ್ದನ್ನು ಹಿನ್ನೆಲೆ ಸಂಗೀತ ಹೇಳುತ್ತದೆ ಅಂದ.

ಕರೆಂಟು ಹುಟ್ಟಿಸುವವನ ಮನೆಯಲ್ಲಿ ಬುಡ್ಡಿ. ನಾನು ಅವನ ಕತ್ತು ಹಿಡಿದು ದಬ್ಬಬೇಕಿತ್ತು. ಆದರೆ ಮಗಳ ಮುಖ ನೋಡಿದೆ. ಅವಳು ಬೇಕು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ, ನೆಲ ನೋಡುತ್ತ, “ಏನ್ ಮಾಡ್ಬೇಕೋ ನೀನೇ ಏಳಪ್ಪ” ಅಂದಳು. ಎಲ್ಲವೂ ಮೋಸವೇ ಆದ ಮೇಲೆ ಇದೊಂದು ಹೆಚ್ಚೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು, ಎದ್ದು ಹೋಗಿ ಮೇನ್ ಸ್ವಿಚ್ ಇಳಿಸಿದೆ.

ಫ್ರಿಜ್ಜಿಗೆ ಕಂಬಳಿ ಹೊದಿಸಿದರು. ಕಿಟಕಿಗೆ ಗೋಣಿಚೀಲ ಕಟ್ಟಿದರು. ನನ್ನವ್ವ ಪಟ್ಟಲಮ್ಮ ಗೋಡೆಗೊರಗಿ ಕೂತು ಎಲೆಯಡಿಕೆ ಅಗಿಯುತ್ತ ಇದನ್ನೆಲ್ಲ ನೋಡಿದಳು.

“ಯಾಕ್ಲಾ ಮಾದೇವ, ಪ್ರಿಜ್ಜಿಗೇನ್ ಚಳಿಜ್ವರ ಬಂದದಾ?” ಅಂದಳು. ನಾನು ಕಂಬಳಿಯ ಅಂಚು ಸರಿಮಾಡಿದೆ. “ಈ ಮನೆಗೆ ಕರೆಂಟ್ ಎಳ್ಸಕ್ಕೆ ನಿಮ್ಮಪ್ಪ ಎಷ್ಟ್ ಜೊತೆ ಚಪ್ಲಿ ಸವ್ಸುದ್ರು ಗೊತ್ತೇನ್ಲಾ? ಕೇರಿ ಮೇಲೇ ತಂತಿ ಓಗಿತ್ತು, ಒಳಿಕ್ ಬರಕ್ಕೆ ಅನ್ನೊಂದ್ ವರ್ಸ ಬೇಕಾಯ್ತು.”

“ಒಂದ್ ಗಳ್ಗೆ ಸುಮ್ಕಿರವ್ವ” ಅಂದೆ.

ಈಗ ಬುಡ್ಡಿ ಬೇಕಲ್ಲ. ಕೇರಿಯಲ್ಲಿ ಹುಡುಕಿದರೆ ಒಂದು ಮನೆಯಲ್ಲೂ ಇಲ್ಲ. ಕೊನೆಗೆ ನನಗೇ ನೆನಪಾಯಿತು. ನಾಲೆ ಏರಿಯ ಕೆಳಗೆ, ಊರು ಮುಗಿದ ಮೇಲೆ ಒಂದು ಶೀಟಿನ ಮನೆಯಿದೆ. ಅಲ್ಲಿ ಚಿಕ್ಕಬೋರಮ್ಮ ಅನ್ನುವ ಮುದುಕಿ ಎರಡು ಆಡು ಸಾಕಿಕೊಂಡು ಒಬ್ಬಳೇ ಇದ್ದಾಳೆ. ಜಾಗ ಅವಳ ಗಂಡನ ಸತ್ತುಹೋದ ಅಣ್ಣನ ಹೆಸರಲ್ಲಿದೆ, ಹಾಗಾಗಿ ಮೀಟರು ಬಂದಿಲ್ಲ. ಹೋದ ವರ್ಷ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದು, “ಕರೆಂಟ್ ಆಪೀಸ್ನೋರು ನಿಂಗ್ ಗೊತ್ತಲ್ಲಪ್ಪ, ಒಸಿ ನೋಡು” ಅಂತ ನನ್ನ ಕೈಗೆ ಕೊಟ್ಟಿದ್ದಳು. “ನೋಡಾನ ಬುಡಜ್ಜಿ” ಅಂದು ಬೀರುವಿನ ಮೇಲೆ ಇಟ್ಟವನು ಇಟ್ಟೇ ಇದ್ದೆ.

ಬುಡ್ಡಿ ಯಾಕೆ ಅಂತ ಅವಳು ಕೇಳಲಿಲ್ಲ. ಸೆರಗಿನಲ್ಲಿ ಮಸಿ ಒರೆಸಿ ಕೊಟ್ಟಳು. “ಸೀಮೆಣ್ಣೆ ಎಲ್ ಸಿಕ್ಕದಪ್ಪ ಈಗ, ಟ್ಯಾಕ್ಟ್ರಿನೋರ್ ಕೊಟ್ಟ ಡೀಸಲ್ಲು. ಒಗೆ ಬತ್ತದೆ, ಉಸಾರು. ಒತ್ತು ಮುಳ್ಗೋ ಒತ್ಗೆ ತಂದ್ಕೊಟ್ಬುಡು.”

ಚಿತ್ರೀಕರಣ ಶುರುವಾಯಿತು. ಹೊಗೆ ಚೆನ್ನಾಗಿ ಬರುತ್ತಿದೆ ಅಂತ ಕ್ಯಾಮೆರಾದವನಿಗೆ ಖುಷಿ. ಪ್ರಿಯಾಂಕ ಎರಡು ಸಲ ಹಾಡಿದಳು. ಶಶಿಧರ್‌ಗೆ ತೃಪ್ತಿಯಾಗಲಿಲ್ಲ, ಕಣ್ಣಲ್ಲಿ ಒಂದು ಹನಿ ಬಂದರೆ ಚೆನ್ನ ಅಂದ. ಮೂರನೆಯ ಸಲಕ್ಕೆ ಕೂರಿಸುವ ಹೊತ್ತಿಗೆ ಹೊರಗೆ ನಿಜವಾಗಿಯೂ ಮಬ್ಬು ಕವಿಯತೊಡಗಿತ್ತು. ಬಾಗಿಲಲ್ಲಿ ಚಿಕ್ಕಬೋರಮ್ಮ ಬಂದು ನಿಂತಳು.

“ಆಯ್ತೇನಪ್ಪ? ಕತ್ಲಾಯ್ತಾ ಬಂತು. ಬುಡ್ಡಿ ಕೊಟ್ಟಿದ್ರೆ ಓಯ್ತಿದ್ದೆ.”

“ಐದೇ ನಿಮಿಷ ಅಜ್ಜಿ” ಅಂದ ಶಶಿಧರ್.

“ಆಗ್ಲಿ ಬುಡು” ಅಂತ ಅವಳು ಹೊಸ್ತಿಲ ಆಚೆ ಕೂತಳು. ಸಿಟ್ಟಿಲ್ಲ, ಬೇಸರವಿಲ್ಲ. ತನ್ನ ಮನೆಯ ಬೆಳಕಿಗೆ ತಾನೇ ಸರದಿ ಕಾಯುತ್ತ ಕೂತಿದ್ದಳು.

ಪ್ರಿಯಾಂಕ ಅವಳನ್ನೇ ನೋಡಿದಳು. “ಅಜ್ಜಿ, ಮನೇಲಿ ಇನ್ನೊಂದ್ ಬುಡ್ಡಿ ಇಲ್ವಾ?”

“ಇನ್ನೊಂದ್ ಯಾಕವ್ವ? ನಾನೊಬ್ಳೆ ಅಲ್ವಾ?”

ನನ್ನ ಮಗಳು ಎದ್ದಳು. ಉರಿಯುತ್ತಿದ್ದ ಬುಡ್ಡಿಗೆ ಕೈ ಅಡ್ಡ ಹಿಡಿದು ಬಾಗಿಲಿಗೆ ಬಂದಳು. “ನಡಿ ಅಜ್ಜಿ, ಮನೆಗಂಟ ನಾನೇ ಇಡ್ಕೊಂಡ್ ಬತ್ತೀನಿ.”

“ಪ್ರಿಯಾಂಕ, ಇನ್ನೊಂದೇ ಒಂದು ಟೇಕು” ಅಂದ ಶಶಿಧರ್.

“ಕರೆಂಟಿಲ್ಲದ ಮನೆ ಇವರದು ಸರ್” ಅಂದಳು. “ಇವರ ದೀಪ ಈಸ್ಕೊಂಡು, ಇವರನ್ನ ಕತ್ತಲಲ್ಲಿ ಕೂರ್ಸಿ, ನಾನು ಕತ್ತಲಲ್ಲಿದ್ದೀನಿ ಅಂತ ತೋರ್ಸಕ್ಕೆ ನಂಗಾಗಲ್ಲ. ತೆಗ್ದಿರೋದನ್ನೂ ಹಾಕ್ಬೇಡಿ.” ಅಷ್ಟು ಹೇಳಿ ಅಜ್ಜಿಯ ಜೊತೆ ನಾಲೆ ಏರಿಯ ಕಡೆ ನಡೆದಳು.

ಶಶಿಧರ್ ಕೆಟ್ಟವನಲ್ಲ. ಆ ಅಜ್ಜಿಯ ಮನೆಯನ್ನೇ ತೋರಿಸಿ ಅವಳಿಗೇ ದೀಪ ಕೊಡಿಸಬಹುದಲ್ಲ ಅಂತ ಅವನಿಗೇ ಹೊಳೆಯಿತು. ಬೆಂಗಳೂರಿಗೆ ಫೋನು ಮಾಡಿದ. ಆ ಕಡೆಯಿಂದ ಕೇಳಿದ ಪ್ರಶ್ನೆ ನಮಗೂ ಕೇಳಿಸಿತು, ಅಜ್ಜಿ ಹಾಡ್ತಾರಾ ಅಂತ. ಇಲ್ಲ ಸರ್ ಅಂದ. ಹಾಗಾದರೆ ಬೇಡ ಅಂದರು. ಅವನು ಫೋನು ಜೇಬಿಗಿಟ್ಟು ತಲೆ ಕೆರೆದುಕೊಂಡ. “ತೆಗ್ದಿರೋದನ್ನ ಅಳಿಸ್ತೀನಿ ಅಣ್ಣ. ಆದ್ರೆ ಭಾನುವಾರ ಇವಳಿಗೆ ಕಷ್ಟ” ಅಂದು ಹೊರಟ.

ಅವರೆಲ್ಲ ಹೋದ ಮೇಲೂ ನಾನು ಮೇನ್ ಸ್ವಿಚ್ಚಿನ ಹತ್ತಿರ ನಿಂತೇ ಇದ್ದೆ. ಎಲ್ಲ ಮೋಸ, ಎಲ್ಲ ಮೋಸ ಅಂತ ಹತ್ತು ವರ್ಷ ಕೂಗಿದವನು ನಾನು. ಮೋಸ ಮಾಡುವ ಹೊತ್ತು ಬಂದಾಗ ಮೊದಲು ಎದ್ದು ಸ್ವಿಚ್ಚು ಇಳಿಸಿದವನೂ ನಾನೇ. ಅದನ್ನೆಲ್ಲ ನಂಬಿ ಹೋದ ಹುಡುಗಿ ಆಗಲ್ಲ ಅಂದಳು. ನನಗೆ ತುಂಬಾ ನಾಚಿಕೆಯಾಯಿತು.

ಭಾನುವಾರ ಸಂಜೆ ಕೇರಿಯೆಲ್ಲ ನಮ್ಮ ಮನೆಯಲ್ಲಿ ಸೇರಿತು. ಐದು ಜನರ ಕಥೆ ಬಂತು. ಪ್ರತಿಯೊಂದಕ್ಕೂ ಪಿಟೀಲು ಅತ್ತಿತು, ನಟ ಕರವಸ್ತ್ರ ತೆಗೆದ, ಕೆಳಗೆ ಓಟಿನ ನಂಬರು ಓಡಿತು. ಪ್ರಿಯಾಂಕಳದು ಬಂದಾಗ ಕಥೆಯೇ ಇಲ್ಲ, ಮಳವಳ್ಳಿಯ ಪ್ರಿಯಾಂಕ ಅಂತ ಹೆಸರು ಕೂಗಿ ನೇರ ಹಾಡಿಗೇ ಬಿಟ್ಟರು. ಹಾಡು ಮುಗಿದ ಮೇಲೆ ನಟ ಎದ್ದು ಬಂದು, ನಿಮ್ಮ ಮನೆಗೂ ಬೆಳಕಾಗಲಿ ತಾಯಿ ಅಂತ ಒಂದು ದೀಪ ನೀಡಿದ. ಅವನಿಗೆ ಬರೆದುಕೊಟ್ಟ ಚೀಟಿಯನ್ನು ಯಾರೂ ತಿದ್ದಿರಲಿಲ್ಲ ಅಂತ ಕಾಣುತ್ತದೆ.

“ನಮ್ಮನೇಲಿ ಕರೆಂಟಿದೆ ಸಾರ್” ಅಂದಳು ನನ್ನ ಮಗಳು ಕೈಮುಗಿದು. “ನಮ್ಮಪ್ಪ ಶಿವನಸಮುದ್ರದಲ್ಲಿ ಕರೆಂಟ್ ಮಾಡೋ ಕೆಲಸದಲ್ಲೇ ಇರೋದು. ಇಲ್ಲಿ ಉರೀತಿರೋ ಲೈಟಿಗೂ ಅವರದು ಸ್ವಲ್ಪ ಬಂದಿರಬಹುದು. ಈ ದೀಪನ ಇಲ್ಲದವರಿಗೆ ಕೊಡಿ ಸಾರ್.”

ಕೂತವರೆಲ್ಲ ನಕ್ಕರು, ನಟನೂ ನಕ್ಕ. ಅಷ್ಟರಲ್ಲಿ ಜಾಹೀರಾತು ಬಂತು. ನಮ್ಮ ಮನೆಯಲ್ಲಿ ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಓಟು ಹಾಕುವುದಿಲ್ಲ ಅಂತ ಆಣೆ ಮಾಡಿದ್ದ ನಾನು ಆ ಸಂಜೆ ಹನ್ನೊಂದು ಸಲ ಫೋನು ಒತ್ತಿದೆ. ಆದರೂ ಆಟದಿಂದ ಆಚೆ ಬಂದವಳು ಅವಳೇ. ಮಂಗಳವಾರ ಮಳವಳ್ಳಿಗೆ ಹೋದರೆ ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಚಲುವರಾಜು ಒಬ್ಬನೇ ಉಳಿದಿದ್ದ, ಹಬ್ಬದ ಶುಭಾಶಯ ಹೇಳುತ್ತಿದ್ದ.

ಅಷ್ಟು ಹೊತ್ತಿಗೆ ಪ್ರಿಯಾಂಕ ಮನೆಗೆ ಬಂದು ಒಂದು ದಿನವಾಗಿತ್ತು. ಮೊದಲ ದಿನ ಅವಳು ಊಟ ಮಾಡಲಿಲ್ಲ, ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು. ತಾತನ ಪದ ಗಂಟಲಲ್ಲೇ ಉಳೀತಲ್ಲಪ್ಪ ಅಂದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಅವಳ ತಟ್ಟೆಯನ್ನು ತಂದಿಟ್ಟು, ಹಾಗೇ ಎತ್ತಿಕೊಂಡು ಹೋದೆ. ಎರಡನೆಯ ದಿನ ಮುಖ ತೊಳೆದು ಬಂದು ಕೇಳಿದಳು.

“ಬೋರಜ್ಜಿ ಕರೆಂಟಿನ ಅರ್ಜಿ ಕೊಟ್ಟಿದ್ರಂತಲ್ಲಪ್ಪ ನಿನ್ತಾವ, ಎಲ್ಲದೆ?”

ನಾನು ಸ್ಟೂಲು ಹಾಕಿಕೊಂಡು ಬೀರುವಿನ ಮೇಲಿಂದ ಕವರು ತೆಗೆದೆ. ಧೂಳು ಒರೆಸುವಾಗ ಅವಳ ಮುಖ ನೋಡಲಿಲ್ಲ. ಅವತ್ತೇ ಇಬ್ಬರೂ ಬಸ್ಸು ಹತ್ತಿ ಮಳವಳ್ಳಿಗೆ ಹೋದೆವು. ಆಮೇಲೆ ರಜೆ ಹಾಕಿ ಎಷ್ಟು ಸಲ ಹೋದೆ ಅಂತ ಎಣಿಸಿಲ್ಲ. ವಂಶವೃಕ್ಷ ಆಯಿತು, ಪಂಚಾಯಿತಿ ಪತ್ರ ಆಯಿತು, ಗಂಡನ ಅಣ್ಣನ ಮಗ ದೊಡ್ಡಸಿದ್ದಯ್ಯನನ್ನು ಹುಡುಕಿ ಸಹಿ ಹಾಕಿಸಿದ್ದಾಯಿತು. ಯಾರೂ ತೊಂದರೆ ಕೊಡಲಿಲ್ಲ, ಹಿಂದೆ ಬಿದ್ದು ಮಾಡುವವರು ಇರಲಿಲ್ಲ, ಅಷ್ಟೇ. ಒಂದು ವರ್ಷ ಬೀರುವಿನ ಮೇಲೆ ಮಲಗಿದ್ದ ಕೆಲಸ ಎರಡು ತಿಂಗಳಿಗೆ ಮುಗಿಯಿತು.

ಮೀಟರು ಕೂರಿಸಿದ ದಿನ ಸಂಜೆ ನಾನು, ಅವ್ವ, ಪ್ರಿಯಾಂಕ ಶೀಟಿನ ಮನೆಗೆ ಹೋದೆವು. ಚಿಕ್ಕಬೋರಮ್ಮ ಸ್ವಿಚ್ಚಿಗೆ ಬೆರಳಿಟ್ಟು, “ಜುಮ್ ಅನ್ನಲ್ವಾ?” ಅಂತ ಕೇಳಿ ಒತ್ತಿದಳು. ಬೆಳಕಿನಲ್ಲಿ ತನ್ನ ಗೋಡೆ, ಪಾತ್ರೆ, ಮೂಲೆಯ ಜೇಡರ ಬಲೆ ಎಲ್ಲ ಒಂದೊಂದಾಗಿ ನೋಡಿದಳು. “ಉಷ್, ಎಷ್ಟೊಂದ್ ಕಸ ಕಣವ್ವ” ಅಂತ ನಕ್ಕಳು. ಆಮೇಲೆ ಪ್ರಿಯಾಂಕಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಟೀವೀಲಿ ಪದ ಏಳ್ದಂತಲ್ಲ ಮಗಾ. ಊರೋರೆಲ್ಲ ನೋಡುದ್ರಂತೆ. ನಾನ್ ನೋಡ್ನಿಲ್ಲ.”

ಆ ಭಾನುವಾರ ಕೇರಿಯೆಲ್ಲ ನಮ್ಮ ಮನೆಯಲ್ಲಿದ್ದಾಗ ಇವಳನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕು ಅಂತ ನನಗೂ ಹೊಳೆದಿರಲಿಲ್ಲ.

“ಗೆದ್ಯಾ?” ಅಂತ ಕೇಳಿದಳು.

“ಇಲ್ಲಜ್ಜಿ, ಓಟ್ ಸಾಲ್ನಿಲ್ಲ.”

ಯಾಕೆ ಸಾಲಲಿಲ್ಲ ಅಂತ ಅವಳಿಗೆ ಗೊತ್ತಿಲ್ಲ. ಪ್ರಿಯಾಂಕ ಹೇಳಲೂ ಇಲ್ಲ. ಮುದುಕಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಅಂಗಾರೆ ಈಗ ಪದ ಏಳು. ನನ್ ಓಟು ಇನ್ನೂ ನನ್ತಾವೇ ಅದೆ.”

ನನ್ನ ಕಣ್ಣು ತುಂಬಿ ಬಂತು, ಮೀಟರು ನೋಡುವವನ ಹಾಗೆ ಗೋಡೆ ಕಡೆ ತಿರುಗಿಕೊಂಡೆ. ಹಿಂದೆ ನನ್ನ ಮಗಳು ಗಂಟಲು ಸರಿ ಮಾಡಿಕೊಂಡು ತಾತನ ಪದ ಎತ್ತಿಕೊಂಡಳು.