ಕೇದಾರದ ದಾರಿಯಲ್ಲಿ ಗಂಗಾಧರಯ್ಯನವರ ಉಸಿರು

ಗಂಗಾಧರಯ್ಯನವರು ಉಸಿರಾಟದ ಮೇಷ್ಟ್ರಾದದ್ದು ರಿಟೈರ್ ಆದಮೇಲೆ, ಯೂಟ್ಯೂಬ್ ನೋಡಿ. ಬಸವೇಶ್ವರನಗರದ ಪಾರ್ಕಿನ ವಾಕಿಂಗ್ ಗೆಳೆಯರೆಲ್ಲ ಸೇರಿ ಕೇದಾರಕ್ಕೆ ಹೋಗುವುದೆಂದು ನಿಶ್ಚಯವಾದಾಗಿನಿಂದ ಅವರಿಗೆ ಅದೇ ಧ್ಯಾನ. ಎತ್ತರದಲ್ಲಿ ಗಾಳಿ ತೆಳು, ಆಕ್ಸಿಜನ್ ಕಮ್ಮಿ. ಹೊಟ್ಟೆ ಉಬ್ಬುವಂತೆ ಮೂಗಿನಿಂದ ನಿಧಾನವಾಗಿ ಎಳೆದುಕೊಳ್ಳಬೇಕು, ಬಿಸಿ ಕಾಫಿ ಆರಿಸುವವರಂತೆ ತುಟಿ ಕೂಡಿಸಿ ಉದ್ದಕ್ಕೆ ಬಿಡಬೇಕು. ಹೆಜ್ಜೆಗೂ ಉಸಿರಿಗೂ ತಾಳ ತಪ್ಪಬಾರದು. ಇಷ್ಟು ಹೇಳಲು ಅವರಿಗೆ ಮುಕ್ಕಾಲು ಗಂಟೆ ಬೇಕಿತ್ತು.

ಹೆಂಡತಿ ಕಮಲಾಕ್ಷಮ್ಮನವರಿಗೆ ಮೊದಲ ದಿನವೇ ಅರ್ಥವಾಯಿತು. ಆಮೇಲಿನ ಕ್ಲಾಸುಗಳಲ್ಲಿ ಗಂಡ ಭಾಷಣ ಮಾಡುವಾಗ ಅವರು ಹಿಂದಿನ ಸಾಲಿನಲ್ಲಿ ಕೂತು ಸುಮ್ಮನೆ ಉಸಿರಾಡುತ್ತಿದ್ದರು.

ಬೆಟ್ಟದ ತಾಲೀಮೆಂದು ಒಂದು ಬೆಳಗ್ಗೆ ಎಲ್ಲರೂ ದೀಪಾಂಜಲಿ ನಗರದ ಮೆಟ್ರೋ ಮೆಟ್ಟಿಲಿಗೆ ಹೋದರು. ಸ್ವೆಟರ್ ತೊಟ್ಟ ಹಿರಿಯರ ದಂಡು ತುಟಿ ಚೂಪು ಮಾಡಿ ಉಫ್ ಉಫ್ ಎನ್ನುತ್ತ ಹತ್ತಿ ಇಳಿಯುವುದನ್ನು ಕಂಡು ಸೆಕ್ಯುರಿಟಿಯವನು ಗಾಬರಿಯಿಂದ ಬಂದ.

"ಸಾರ್, ಲಿಫ್ಟ್ ಇದೆ."

"ಕೇದಾರದಲ್ಲಿ ಲಿಫ್ಟ್ ಇದ್ಯೇನಪ್ಪಾ?" ಎಂದರು ಗಂಗಾಧರಯ್ಯನವರು.

"ಅದು ಗೊತ್ತಿಲ್ಲ ಸಾರ್. ಇಲ್ಲಿದೆ."

ಕಮಲಾಕ್ಷಮ್ಮನವರು ನಕ್ಕರು, ತಾಳ ತಪ್ಪಿತೆಂದು ಬೈಸಿಕೊಂಡರು.

ಕೇದಾರದ ಬೆಟ್ಟದ ಬುಡದ ಗೌರಿಕುಂಡದಿಂದ ಹತ್ತಲು ಶುರುಮಾಡಿದಾಗ ಗಂಗಾಧರಯ್ಯನವರು ಕುದುರೆ ಬೇಡವೆಂದರು. "ಕುದುರೆ ಮೇಲೆ ಕೂತ್ರೆ ಪುಣ್ಯವೂ ಕುದುರೆಗೇ ಹೋಗತ್ತೆ." ಉಳಿದವರು ಪುಣ್ಯವನ್ನು ಕುದುರೆಗಳಿಗೆ ಬಿಟ್ಟು ಮುಂದೆ ಹೋದರು. ನಡೆದವರು ಗಂಡ ಹೆಂಡತಿ ಮತ್ತು ಪಕ್ಕದ ಮನೆಯ ಮರಿಯಪ್ಪ. ದಾರಿಯುದ್ದಕ್ಕೂ ಪಾಠ. ಹೋಗುತ್ತಾ ಹೋಗುತ್ತಾ ವಾಕ್ಯಗಳು ಗಿಡ್ಡವಾದವು, ಆಮೇಲೆ ಬರೀ ಪದಗಳು, ಕೊನೆಗೆ ಬೆರಳು ಮಾತ್ರ ಎತ್ತಿ ಏನನ್ನೋ ಹೇಳಹೊರಟವರು ಬಂಡೆಯ ಪಕ್ಕ ಕೂತು ವಾಂತಿ ಮಾಡಿದರು. ತಲೆ ಸಿಡಿಯುತ್ತಿದೆಯೆಂದು ಸನ್ನೆ ಮಾಡಿದರು. ತುಟಿ ನೀಲಿಗಟ್ಟಿತ್ತು.

ಈ ಮನುಷ್ಯ ಒಂದು ಗಳಿಗೆ ಬಾಯಿ ಮುಚ್ಚಲಿ ಎಂದು ಕಮಲಾಕ್ಷಮ್ಮನವರು ಬೇಡದ ದೇವರಿರಲಿಲ್ಲ. ಈಗ ಮುಚ್ಚಿದ್ದಾರೆ, ನೋಡಿದರೆ ಮತ್ತೆ ತೆರೆದರೆ ಸಾಕೆನಿಸುತ್ತಿದೆ. ಅವರು ಎದುರಿಗೆ ಕೂತು ಗಂಡನ ಕೈ ಹಿಡಿದರು.

"ರೀ, ನನ್ನನ್ನೇ ನೋಡಿ. ಕಾಫಿ ಆರಿಸಿ. ಆತುರ ಬೇಡ."

ಇಬ್ಬರೂ ಕಾಣದ ಕಾಫಿ ಆರಿಸುತ್ತ ಕೂತಿರುವಾಗ ಮರಿಯಪ್ಪ ಸಮೀಪದ ವೈದ್ಯರ ಟೆಂಟಿನಿಂದ ಜನ ಕರೆತಂದ. ಡಾಕ್ಟರು ಆಕ್ಸಿಜನ್ ಹಚ್ಚಿದರು. ಉಸಿರಾಟದ ಅಭ್ಯಾಸ ಒಳ್ಳೆಯದೇ, ಆದರೆ ಈ ಲಕ್ಷಣ ಕಂಡಮೇಲೆ ಕೆಳಗಿಳಿಯುವುದೊಂದೇ ದಾರಿ ಎಂದರು. ಡೋಲಿಯಲ್ಲಿ ಇಳಿಸಲು ಮರಿಯಪ್ಪ ಜೊತೆಯಾದ.

ಗಂಗಾಧರಯ್ಯನವರು ಮಾಸ್ಕ್ ಸರಿಸಿ, "ನೀನು ಹೋಗು, ಕಮಲಾ," ಎಂದರು.

"ನಿಮ್ಮನ್ನ ಬಿಟ್ಟೇ?"

"ಮರಿಯಪ್ಪ ಇದಾನೆ. ಹೋಗು."

ಕಮಲಾಕ್ಷಮ್ಮನವರು ಡಾಕ್ಟರ ಮುಖ ನೋಡಿದರು. ಭಯವಿಲ್ಲ ಎಂಬಂತೆ ಡಾಕ್ಟರು ತಲೆಯಾಡಿಸಿದರು. ಮೂರನೇ ಸಲ ಹೇಳಿಸಿಕೊಳ್ಳದೆ ಕಮಲಾಕ್ಷಮ್ಮನವರು ಸೆರಗು ಬಿಗಿದು ಮೇಲಕ್ಕೆ ನಡೆದರು. ನಾಲ್ಕು ಹೆಜ್ಜೆ, ಉಸಿರು. ನಾಲ್ಕು ಹೆಜ್ಜೆ, ಉಸಿರು. ಗಂಡನಿಲ್ಲದ ದಾರಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವರಿಗೆ ಸ್ವಲ್ಪ ನಾಚಿಕೆಯೂ ಆಯಿತು. ಶಿವನ ಮುಂದೆ ನಿಂತಾಗ ಬೇಡಲು ಉಸಿರೇ ಇರಲಿಲ್ಲ. ನಿನಗೆ ಬಸವೇಶ್ವರನಗರದಲ್ಲೊಂದು ಸೈಟು ಸಿಗಲಿಲ್ಲವೇ ಮಾರಾಯ ಎಂದು ಮನಸ್ಸಿನಲ್ಲೇ ಬೈದು, ಅವರನ್ನ ನೋಡಿಕೋ ಎಂದು ಸೇರಿಸಿ ಕೈಮುಗಿದರು.

ಮರುದಿನ ಅವರು ಕೆಳಗಿನ ಲಾಡ್ಜಿಗೆ ಇಳಿದು ಬಂದಾಗ ಗಂಗಾಧರಯ್ಯನವರು ಕಿಚಡಿ ತಿನ್ನುತ್ತ ಮರಿಯಪ್ಪನಿಗೆ ಶ್ವಾಸಕೋಶದ ರಚನೆ ವಿವರಿಸುತ್ತಿದ್ದರು. ಕಮಲಾಕ್ಷಮ್ಮನವರಿಗೆ ಹೋದ ಜೀವ ಬಂದಂತಾಯಿತು.

"ನಾನು ಹೇಳ್ಕೊಟ್ಟ ಹಾಗೇ ಉಸಿರಾಡಿದ್ಯಾ?"

"ಹೌದು. ಮಾತಾಡ್ಲಿಲ್ಲ, ಅಷ್ಟೇ. ಅದೊಂದನ್ನ ನೀವು ಹೇಳ್ಕೊಟ್ಟಿರ್ಲಿಲ್ಲ."

ಮರಿಯಪ್ಪ ತಟ್ಟೆಯೊಳಗೆ ಮುಖ ಹುದುಗಿಸಿದ. ಗಂಗಾಧರಯ್ಯನವರು ಚಮಚ ಕೆಳಗಿಟ್ಟು, "ದೇವಸ್ಥಾನ ಹೇಗಿತ್ತು? ಹೇಳು," ಎಂದರು.

ಕಮಲಾಕ್ಷಮ್ಮನವರು ಹೇಳತೊಡಗಿದರು. ಅವರು ಹೇಳಿ ಮುಗಿಸುವವರೆಗೂ ಅವರ ಗಂಡ ನಡುವೆ ಬಾಯಿ ಹಾಕಲಿಲ್ಲ.