ಟೇಪಕ್ಕ ಬರೆದುಕೊಟ್ಟ ಎರಡು ಡ್ರೈವು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಳೆತ್ತರದ ಒಂದು ಉಕ್ಕಿನ ಕಪಾಟಿತ್ತು. ಗಾಜಿನ ಬಾಗಿಲಾಚೆ ಗೂಡುಗೂಡುಗಳಲ್ಲಿ ಟೇಪುಗಳು. ನಡುವೆ ಮೇಲಕ್ಕೂ ಕೆಳಕ್ಕೂ ಓಡಾಡಿ ಬೇಕಾದ ಟೇಪನ್ನು ಎತ್ತಿಕೊಡುವ ಯಂತ್ರದ ಕೈ. ಬುಡದಲ್ಲಿ ಟೇಪಿನ ಮೇಲೆ ಬರೆಯುವ ಮೂರು ಡ್ರೈವುಗಳು. ಟೇಪ್ ಲೈಬ್ರರಿ ಎಂಬ ಹೆಸರಿನ ಈ ಕಪಾಟನ್ನು ಮೂರು ವಿಭಾಗಗಳು ಹಂಚಿಕೊಂಡಿದ್ದವು: ಎಕ್ಸ್-ರೇ, ಕಚೇರಿ, ಮತ್ತು ಗಂಟಲಿನ ರೋಗಿಗಳಿಗೆ ಮಾತು ಕಲಿಸುವ ವಿಭಾಗ. ಒಂದೊಂದಕ್ಕೂ ಒಂದು ಬ್ಯಾಕಪ್ ಸರ್ವರ್, ಅಂದರೆ ವಿಭಾಗದ ಕಡತಗಳ ಪ್ರತಿಯನ್ನು ಟೇಪಿಗೆ ಕಳುಹಿಸುವ ಕಂಪ್ಯೂಟರ್. ಯಾವ ಸರ್ವರಿಗೂ ಯಾವ ಡ್ರೈವೂ ಸ್ವಂತವಲ್ಲ. ಬಿಡುವಾಗಿದ್ದುದನ್ನು ಕೇಳಿ ಪಡೆಯಬೇಕು, ತನ್ನ ಪ್ರತಿಯನ್ನು ಬರೆದು ಮುಗಿಸಬೇಕು, ಮುಗಿದೊಡನೆ ಬಿಟ್ಟುಕೊಡಬೇಕು. ಹಾಗಾದಾಗ ಮಾತ್ರ ಹೊರೆ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ.

ಈ ನಿಯಮವನ್ನು ಕಾಯುತ್ತಿದ್ದವಳನ್ನು ಇಡೀ ಆಸ್ಪತ್ರೆ ಟೇಪಕ್ಕ ಎನ್ನುತ್ತಿತ್ತು. ಅವಳು ಅಕ್ಕನಾದ ಮೇಲೆ, ಎಕ್ಸ್-ರೇ ವಿಭಾಗದ ಸರ್ವರನ್ನು ನೋಡಿಕೊಳ್ಳುತ್ತಿದ್ದ ಅವಳ ಗಂಡ ಭಾವನಾಗದೆ ವಿಧಿಯಿರಲಿಲ್ಲ. ಅವನಿಗಿಂತ ಹದಿನೈದು ವರ್ಷ ಹಿರಿಯರಾದ ವೈದ್ಯರೂ ಅವನನ್ನು ಭಾವ ಎಂದೇ ಕೂಗುತ್ತಿದ್ದರು. ಟೇಪಕ್ಕ ನ್ಯಾಯದ ವಿಷಯದಲ್ಲಿ ಖಡಕ್ಕು. ಲಿಫ್ಟಿನ ಸಾಲಿನಲ್ಲಿ ಮುನ್ನುಗ್ಗಿದ ಮುಖ್ಯ ವೈದ್ಯರನ್ನು ಒಮ್ಮೆ ಎಲ್ಲರೆದುರೇ ಹಿಂದಕ್ಕೆ ಕಳುಹಿಸಿದ್ದಳು. ಮುಖ ನೋಡಿ ಮಣೆ ಹಾಕುವವರನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು. ಉರಿಯಲೇಬೇಕು. ನಾಲ್ಕು ಜನರ ಸ್ವತ್ತನ್ನು ಕಾಯುವವರಿಗೆ ಆ ಉರಿಯೊಂದು ಇಲ್ಲದಿದ್ದರೆ ಉಳಿದ ವಿದ್ಯೆಯೆಲ್ಲ ಇದ್ದು ಏನು ಪ್ರಯೋಜನ?

ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾತು ಕಲಿಸುವ ಮೇಡಂ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದರು. ತಮ್ಮ ವಿಭಾಗದ ಡಿಸ್ಕು ಕಿರುಗುಟ್ಟುತ್ತಿದೆ, ಸಂಜೆಯವರೆಗೆ ಬಾಳುವುದಿಲ್ಲವೆಂದು ರಿಪೇರಿಯವನು ಕೈಚೆಲ್ಲಿದ್ದಾನೆ ಎಂದರು. ಅದರೊಳಗೆ ಒಬ್ಬ ದರ್ಜಿ ಹೆಂಗಸಿನ ದನಿಯಿತ್ತು. ಕಳೆದ ಗುರುವಾರ ಶಸ್ತ್ರಚಿಕಿತ್ಸೆಯಲ್ಲಿ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅದಕ್ಕೆ ಮುಂಚೆ ಅವಳು ನಾಲ್ಕು ದಿನ ಕುಳಿತು, ಎಂಟು ವರ್ಷದ ಮಗಳಿಗೆಂದು ಕಥೆ, ಬುದ್ಧಿಮಾತು, ಬೈಗುಳ ಎಲ್ಲವನ್ನೂ ಧ್ವನಿಮುದ್ರಿಸಿದ್ದಳು.

“ಅವಳ ಗಂಟಲಲ್ಲಿ ಆ ದನಿ ಇನ್ನಿಲ್ಲ ಕಣಮ್ಮ,” ಎಂದರು ಮೇಡಂ. “ಆ ಡಿಸ್ಕಲ್ಲಿದೆ, ನಿನ್ನ ಟೇಪಲ್ಲಿದೆ. ಟೇಪಲ್ಲಿದೆ ತಾನೇ?”

ಟೇಪಕ್ಕ ಪಟ್ಟಿ ತೆರೆದಳು. ಆ ವಿಭಾಗದ ಕೊನೆಯ ಪ್ರತಿ ಹತ್ತೊಂಬತ್ತು ದಿನ ಹಿಂದಿನದು. ಅಲ್ಲಿಂದೀಚೆಗೆ ಪ್ರತಿದಿನವೂ ಒಂದೇ ಮಾತು: ಕಾಯುತ್ತಿದೆ. ಕೆಲಸ ಕೆಟ್ಟಿದ್ದರೆ ಸಾಲು ಕೆಂಪಾಗುತ್ತಿತ್ತು, ಅವಳ ಕಣ್ಣಿಗೆ ರಾಚುತ್ತಿತ್ತು. ಕಾಯುವವರ ಸಾಲಿಗೆ ಬೂದು ಬಣ್ಣ. ಆ ಬಡಪಾಯಿ ಸರ್ವರು ದಿನವೂ ಬಂದು, ಸಾಲಿನಲ್ಲಿ ನಿಂತು, ಗಡುವು ಮುಗಿದೊಡನೆ ತುಟಿಪಿಟಕ್ಕೆನ್ನದೆ ಹಿಂದಿರುಗಿತ್ತು. ಎಲ್ಲ ಕಡೆಯೂ ಅನ್ಯಾಯ ನಡೆಯುವುದು ಹೀಗೆಯೇ. ಸುಮ್ಮನೆ ಕಾಯುವವರನ್ನು ನಾವು ಸುಖವಾಗಿದ್ದಾರೆಂದು ಬಗೆಯುತ್ತೇವೆ.

ಮೂರರಲ್ಲಿ ಎರಡು ಡ್ರೈವುಗಳನ್ನು ಯಾರೋ ಎಕ್ಸ್-ರೇ ವಿಭಾಗದ ಹೆಸರಿಗೇ ಬರೆದುಕೊಟ್ಟಿದ್ದರು. ಉಳಿದ ಒಂದರಲ್ಲಿ ಕಚೇರಿಯ ದೊಡ್ಡ ಸರ್ವರು ಮೊದಲು ಬಂದು ಠಿಕಾಣಿ ಹೂಡುತ್ತಿತ್ತು. ಯಾರ ಕೆಲಸ ಇದು ಎಂದು ಹಲ್ಲು ಕಡಿಯುತ್ತ ಟೇಪಕ್ಕ ಬದಲಾವಣೆಗಳ ದಾಖಲೆಯನ್ನು ಹುಡುಕಿದಳು. ಅಲ್ಲಿದ್ದದ್ದು ಅವಳದೇ ಹೆಸರು.

ನೆನಪಾಯಿತು. ಗಂಡನಿಗೆ ಜ್ವರ ಬಂದ ವಾರ. ಹೊಸ ಸ್ಕ್ಯಾನಿಂಗ್ ಯಂತ್ರದಿಂದ ಅವನ ಹೊರೆ ಇಮ್ಮಡಿಯಾಗಿತ್ತು. ಹಾಸಿಗೆಯಲ್ಲಿಯೂ ಫೋನು ಹಿಡಿದು, ಡ್ರೈವು ಸಿಕ್ಕಿತೋ ಇಲ್ಲವೋ ಎಂದು ಕನವರಿಸುತ್ತಿದ್ದ. ಎರಡು ದಿನ ನಿಶ್ಚಿಂತೆಯಿಂದ ಮಲಗಲಿ ಪಾಪ ಎಂದು ಅವಳೇ ಬರೆದುಕೊಟ್ಟಿದ್ದಳು. ಜ್ವರ ಬಿಟ್ಟಿತ್ತು, ಡ್ರೈವು ಬಿಟ್ಟಿರಲಿಲ್ಲ.

ಯಂತ್ರದ ದೋಷವೆಂದಿದ್ದರೆ ಮೇಡಂ ನಂಬಿಬಿಡುತ್ತಿದ್ದರು. ಟೇಪಕ್ಕ ಎದ್ದು ನಿಂತು, ತಪ್ಪು ತನ್ನದೆಂದೂ, ಏಕೆ ಮಾಡಿದೆನೆಂದೂ, ದರ್ಜಿಯ ದನಿ ಟೇಪಿನಲ್ಲಿ ಇಲ್ಲವೆಂದೂ ಒಂದನ್ನೂ ಬಿಡದೆ ಹೇಳಿದಳು. ಡಿಸ್ಕು ನಿಲ್ಲುವ ಮುಂಚೆ ಟೇಪಿಗೆ ಬರೆಸಿಬಿಡು ಎಂದರು ಮೇಡಂ.

ಮೂರು ಡ್ರೈವುಗಳೂ ಆಗ ಬರೆಯುತ್ತಿದ್ದವು. ಎಕ್ಸ್-ರೇ ಕೆಲಸವನ್ನು ನಡುವೆ ನಿಲ್ಲಿಸುವ ಅಧಿಕಾರವಿದ್ದದ್ದು ಭಾವನಿಗೆ ಮಾತ್ರ. ಅವಳು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು.

“ರೀ, ನಿಮ್ಮದೊಂದು ಕೆಲಸ ನಿಲ್ಸಬೇಕು. ಈಗಲೇ.”

“ಇನ್ನೆರಡು ಗಂಟೆಯಲ್ಲಿ ಮುಗಿಯುತ್ತೆ ಕಣೇ. ಈಗ ನಿಲ್ಸಿದ್ರೆ ಮೊದಲಿಂದ ಬರೀಬೇಕು.”

ಅವಳು ದರ್ಜಿಯ ವಿಷಯ ಹೇಳಿದಳು. ಭಾವನ ಕಿವಿ ಕೆಂಪಾಯಿತು.

“ಆ ಎರಡು ಡ್ರೈವ್ ನನ್ನ ಹೆಸರಲ್ಲಿರೋದು ನನಗೆ ಗೊತ್ತಿತ್ತು,” ಎಂದ.

“ಗೊತ್ತಿದ್ದೂ ಸುಮ್ನಿದ್ರಾ?”

“ಹನ್ನೆರಡು ವರ್ಷದಲ್ಲಿ ನೀನು ಒಂದು ದಿನ ಬಾಯಿಬಿಟ್ಟು ಪ್ರೀತಿ ಅಂದವಳಲ್ಲ. ಹೀಗೆ ಹೇಳಿದೀಯ ಅಂದ್ಕೊಂಡೆ. ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ.”

“ಪ್ರೀತಿ ನನ್ನದು ರೀ,” ಎಂದಳು ಟೇಪಕ್ಕ. “ಡ್ರೈವ್ ನನ್ನದಲ್ಲ.”

ಅವನು ಕೆಲಸ ನಿಲ್ಲಿಸಿ, ಅವಳ ಹಿಂದೆಯೇ ನೆಲಮಾಳಿಗೆಗೆ ಇಳಿದ.

ಯಂತ್ರದ ಕೈ ಎಕ್ಸ್-ರೇ ಟೇಪನ್ನು ಗೂಡಿಗೆ ಸೇರಿಸಿ ಬೇರೊಂದನ್ನು ತಂದಿತು. ಪ್ರತಿ ಬರೆಯತೊಡಗಿತು. ಎರಡು ಸಲ ಡಿಸ್ಕು ಉಸಿರು ಕಟ್ಟಿದಂತೆ ನಿಂತಿತು. ಒಂದೂಕಾಲಿಗೆ ಮುಗಿದಾಗ ನಲವತ್ತು ಧ್ವನಿಮುದ್ರಣಗಳಲ್ಲಿ ಮೂವತ್ತೊಂಬತ್ತು ಟೇಪಿಗೆ ಬಂದಿದ್ದವು, ಒಂದು ಡಿಸ್ಕಿನಲ್ಲೇ ಕೆಟ್ಟುಹೋಗಿತ್ತು. ಖಾತ್ರಿಗೆಂದು ಮೇಡಂ ಟೇಪಿನಿಂದ ಒಂದನ್ನು ತೆಗೆಸಿ ಕೇಳಿದರು.

“ತಲೆ ಅಲ್ಲಾಡಿಸಬೇಡ, ಜಡೆ ಸೊಟ್ಟ ಆಗುತ್ತೆ,” ಎಂದಿತು ಒಂದು ಗಡಸು ದನಿ. “ನಾನಿಲ್ಲಿ ಕೂತು ಮಾತಾಡ್ತಿದ್ರೂ ನೀನಲ್ಲಿ ಅಲ್ಲಾಡಿಸ್ತೀಯ ಅಂತ ನನಗೆ ಗೊತ್ತು.”

ಟೇಪಕ್ಕ ಎರಡು ಡ್ರೈವುಗಳನ್ನೂ ಮತ್ತೆ ಎಲ್ಲರ ಹೆಸರಿಗೆ ಬರೆದಳು. ಕಳೆದುಹೋದ ಒಂದರ ವಿಷಯವನ್ನು ತಾನೇ ಹೋಗಿ ಹೇಳುವೆನೆಂದಳು. ಲಾಭ ಉಂಡವನು ತಾನು, ಆದ್ದರಿಂದ ತಾನೂ ಬರುವೆನೆಂದು ಭಾವ ಹೊರಟ.

ವಾರ್ಡಿನಲ್ಲಿ ದರ್ಜಿ ಕತ್ತಿಗೆ ಬ್ಯಾಂಡೇಜು ಸುತ್ತಿಕೊಂಡು ದಿಂಬಿಗೊರಗಿದ್ದಳು. ಎಲ್ಲವನ್ನೂ ಕೇಳಿದಳು. ಯಾವುದು ಹೋಯಿತು ಎಂದು ಸ್ಲೇಟಿನ ಮೇಲೆ ಬರೆದು ಕೇಳಿದಳು. ಮಗಳು ಮೊದಲ ಸಲ ಕೆಲಸಕ್ಕೆ ಹೊರಡುವ ದಿನ ಕೇಳಲೆಂದು ಧ್ವನಿಮುದ್ರಿಸಿದ್ದು ಎಂದು ಜೊತೆಗೆ ಬಂದಿದ್ದ ಮೇಡಂ ತಿಳಿಸಿದರು. ದರ್ಜಿ ಕಾಗದ ಕೇಳಿ ಪಡೆದು, ಒಂದೂವರೆ ಪುಟ ಬರೆದು, ಕೊನೆಯ ಸಾಲನ್ನು ಟೇಪಕ್ಕನ ಕಡೆ ತಿರುಗಿಸಿ ಹಿಡಿದಳು: ಇದನ್ನು ನೀನೇ ಓದು. ತಪ್ಪಿಲ್ಲದೆ ಓದು.

ಧ್ವನಿಮುದ್ರಣದ ಕೋಣೆಯಲ್ಲಿ ಟೇಪಕ್ಕ ಮೈಕಿನ ಮುಂದೆ ಕುಳಿತಳು. ಗಾಜಿನಾಚೆ ಭಾವ ನಿಂತಿದ್ದ. “ಪುಟ್ಟೀ, ಇವತ್ತು ನೀನು ಕೆಲಸಕ್ಕೆ ಹೊರಟಿದ್ದೀಯ,” ಎಂಬಲ್ಲಿಯೇ ಅವಳು ತಡವರಿಸಿದಳು. ಮೇಡಂ ಅಳಿಸಿ, ಮತ್ತೆ ಓದಿಸಿದರು. ನಾಲ್ಕನೆಯ ಸಲ ಸರಿಯಾಯಿತು.