ಹಟಾನಾಕಾ ಕಂಪನಿಯ ಕೊನೆಯ ಆಟ

ಹಟಾನಾಕಾ ಕಂಪನಿ ಮೊದಲು ಮಾಡಿದ್ದು ಮರದ ಕುದುರೆಗಳನ್ನು. ಯುದ್ಧ ಮುಗಿದು ಒಸಾಕಾ ಸ್ವಲ್ಪ ಉಸಿರಾಡತೊಡಗಿದಾಗ ದೊಡ್ಡ ಅಂಗಡಿಗಳ ತಾರಸಿಯ ಮೇಲೆ ಮಕ್ಕಳು ಆಡುವ ಜಾಗಗಳು ಎದ್ದವು. ನಾಣ್ಯ ಹಾಕಿದರೆ ಹಿಂದಕ್ಕೂ ಮುಂದಕ್ಕೂ ತೂಗುವ ಕುದುರೆಗಳನ್ನು ಯಜಮಾನರಾದ ಯೋಶಿಜಿರೋ ಕೈಯಾರೆ ಕೆತ್ತಿ, ಹಳೆಯ ಮೋಟಾರು ಜೋಡಿಸಿ ಅಲ್ಲಿಗೆ ಮಾರುತ್ತಿದ್ದರು. ಇಮಾಜಾತೊದ ನಮ್ಮ ಕಾರ್ಖಾನೆ ಆ ಕುದುರೆಗಳಿಂದಲೇ ಎದ್ದದ್ದು.

ನಾನು ಸೇರುವಷ್ಟರಲ್ಲಿ ಕುದುರೆಗಳನ್ನು ಕೇಳುವವರಿರಲಿಲ್ಲ. ಪರದೆಯ ಮೇಲೆ ವೈರಿಗಳನ್ನು ಹೊಡೆದುರುಳಿಸುವ ಆಟದ ಹುಚ್ಚು ಊರಿಗೆಲ್ಲ ಹಿಡಿದಿತ್ತು. ಕಾಫಿ ಅಂಗಡಿಯವರು ಮೇಜುಗಳನ್ನು ಹೊರಗೆಸೆದು ಆಟದ ಯಂತ್ರಗಳನ್ನೇ ಮೇಜಿನಂತೆ ಹಾಕಿಕೊಂಡಿದ್ದರು. ಸಂಗೀತ ಶಾಲೆಯಲ್ಲಿ ಕಲಿತಿದ್ದೆನೆಂಬ ಒಂದೇ ಕಾರಣಕ್ಕೆ ಆಟಗಳಿಗೆ ಸದ್ದು ಮಾಡುವ ಕೆಲಸ ನನಗೆ ಸಿಕ್ಕಿತು. ಆಟಗಳನ್ನು ಕಟ್ಟುತ್ತಿದ್ದವನು ಉಜಿಹಾರಾ. ಮೂವತ್ತು ತುಂಬಿರದ, ಚುರುಕಾದ, ನಾಲಿಗೆ ಉದ್ದದ ಮನುಷ್ಯ. ನನ್ನ ಮೊದಲ ಸದ್ದು ಕೇಳಿ, "ಏನಮ್ಮ ಸಚಿಯೊ, ಇದು ಗುಂಡಿನ ಸದ್ದೋ, ಮೂಲಂಗಿ ಕಚ್ಚಿದ ಸದ್ದೋ?" ಎಂದಿದ್ದ.

ಬೇರೆ ಕಂಪನಿಗಳ ಆಟಗಳ ಮುಂದೆ ನಮ್ಮವು ನಿಲ್ಲುತ್ತಿರಲಿಲ್ಲ. ಆ ಚಳಿಗಾಲ ಯಜಮಾನರು ಸೊಂಟದ ನೋವಿಗೆಂದು ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿದ್ದಾಗ ಉಜಿಹಾರಾ ಒಂದು ಹೊಸ ಆಟ ಕಟ್ಟಿದ. ಆಡುವವನ ಕೈಯಲ್ಲಿ ಒಂದು ವಿಮಾನ. ಕೆಳಗೆ ಇಕ್ಕಟ್ಟಾದ ಬೀದಿಗಳು, ಹೆಂಚಿನ ಮನೆಗಳು, ಕಾಲುವೆ, ಸೇತುವೆ. ಬಾಂಬು ಹಾಕಿದರೆ ಬೆಂಕಿ ಮನೆಯಿಂದ ಮನೆಗೆ ಹಬ್ಬುತ್ತದೆ. ಹೆಚ್ಚು ಹಬ್ಬಿದಷ್ಟೂ ಹೆಚ್ಚು ಅಂಕ. ಅಷ್ಟು ಚೆಂದದ ಬೆಂಕಿಯನ್ನು ಆವರೆಗೆ ಯಾರೂ ಪರದೆಯ ಮೇಲೆ ತಂದಿರಲಿಲ್ಲ. ಬಾಂಬು ಬೀಳುವುದಕ್ಕೆ ನಾನು ಉದ್ದನೆಯ ಸಿಳ್ಳೆಯಂಥ ಸದ್ದು ಮಾಡಿದೆ.

ಪರೀಕ್ಷೆಗೆಂದು ಒಂದು ಯಂತ್ರವನ್ನು ಸೆನ್ನಿಚಿಮಾಯೆಯ ಆಟದಂಗಡಿಯಲ್ಲಿಟ್ಟೆವು. ಎರಡನೆಯ ದಿನಕ್ಕೇ ಜನ ಸಾಲುಗಟ್ಟಿದರು. ನಮ್ಮ ಮಾರಾಟದ ಒಕಿಮುರಾ ಅವರು ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ. ಕಂಪನಿ ಉಳಿಯಿತು ಎಂದುಕೊಂಡೆವು.

ಯಜಮಾನರು ಬುಗ್ಗೆಯ ಊರಿನಿಂದ ಬಂದವರೇ ನೇರ ಆ ಅಂಗಡಿಗೆ ಬಂದರು. ಆಡುತ್ತಿದ್ದವರು ಜಾಗ ಬಿಟ್ಟುಕೊಟ್ಟರು. ಅವರು ಕೂತು ನಾಣ್ಯ ಹಾಕಿದರು. ವಿಮಾನ ಹಾರಿತು. ಅವರು ವಿಮಾನ ನಡೆಸುವ ಕೋಲನ್ನು ಮುಟ್ಟಲಿಲ್ಲ, ಗುಂಡಿಯನ್ನೂ ಒತ್ತಲಿಲ್ಲ; ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೆಳಗೆ ಸರಿಯುತ್ತಿದ್ದ ಮನೆಗಳನ್ನೇ ನೋಡುತ್ತಿದ್ದರು. ವಿಮಾನಕ್ಕೆ ಗುಂಡು ತಗುಲಿ ಆಟ ಮುಗಿಯಿತು. ಸಾಲಿನಲ್ಲಿ ನಿಂತಿದ್ದ ಯಾರೋ ಬಾಯಲ್ಲೇ ನನ್ನ ಸಿಳ್ಳೆಯನ್ನು ಅಣಕಿಸಿದ. ಯಜಮಾನರು ಎದ್ದು, "ಸದ್ದು ಹಾಗಿರಲ್ಲ," ಎಂದಷ್ಟೇ ಹೇಳಿ ಹೊರಟುಹೋದರು.

ಹೊಗಳಿಕೆಗೆ ಕಾದಿದ್ದ ನನಗೆ ಅವಮಾನವಾಯಿತು. ಮರುದಿನ ಅವರನ್ನು ಹುಡುಕಿಕೊಂಡು ಹೋದೆ. ಅವರು ಕಾರ್ಖಾನೆಯ ಹಿಂದೆ ಬಿಸಿಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಸದ್ದು ಹೇಗಿರಬೇಕೆಂದು ಹೇಳಿದರೆ ತಿದ್ದುತ್ತೇನೆ ಎಂದೆ. ಅವರು ಚಹಾದ ಬಟ್ಟಲನ್ನು ಕೆಳಗಿಟ್ಟು ಹೇಳತೊಡಗಿದರು.

ಕಾಲು ಊನವೆಂದು ಅವರನ್ನು ಸೇನೆಗೆ ತೆಗೆದುಕೊಂಡಿರಲಿಲ್ಲ. ಯುದ್ಧದ ಕೊನೆಯ ವರ್ಷದ ಮಾರ್ಚಿನಲ್ಲಿ ಅಮೆರಿಕದ ವಿಮಾನಗಳು ಒಸಾಕಾಕ್ಕೆ ಬಾಂಬು ಹಾಕಲು ಬಂದಾಗ ಮನೆಯಲ್ಲಿದ್ದದ್ದು ಅವರು ಮತ್ತು ಒಂಬತ್ತು ವರ್ಷದ ತಂಗಿ ಫುಮಿಯೆ. ತಂಗಿಯ ಕೈ ಹಿಡಿದು ಕಾಲುವೆಯ ಕಡೆ ಓಡಿದರು. ಸೇತುವೆಯ ಮೇಲೆ ಎರಡೂ ಕಡೆಯಿಂದ ಜನ ನುಗ್ಗಿದರು, ಕೈ ಜಾರಿತು. ಆಮೇಲೆ ಅವಳು ಸಿಗಲಿಲ್ಲ. ಎಲುಬು ಕೂಡ ಸಿಗಲಿಲ್ಲ.

"ಮಳೆ ಬಂದ ಹಾಗೆ ಕೇಳ್ಸುತ್ತೆ ಅದು," ಎಂದರು. "ದೊಡ್ಡ ಮಳೆ. ಫುಮಿ ನನ್ ಕೈ ಜಗ್ಗಿ, 'ಅಣ್ಣ, ಛತ್ರಿ ಬಿಟ್ಟು ಬಂದ್ವಿ' ಅಂದ್ಲು."

ಹಾಗಾದರೆ ಆಟ ನಿಲ್ಲಿಸಿಬಿಡೋಣವೇ ಎಂದು ಕೇಳಿದೆ.

"ನಿಲ್ಸಿ ಅಂತ ನಾನ್ ಹೇಳಲ್ಲ. ಇಷ್ಟ್ ಜನ ಇಲ್ಲಿ ಊಟ ಮಾಡ್ಬೇಕು. ನೀವು ಅದನ್ನ ಕಂಡಿಲ್ಲ, ಒಳ್ಳೇದೇ ಆಯ್ತು. ಆದ್ರೆ ಸದ್ದು ಮಾತ್ರ ತಿದ್ದಬೇಡಮ್ಮ. ತಪ್ಪಾಗೇ ಇರ್ಲಿ. ಆ ಆಟದಂಗಡಿ ಬೀದೀಲಿ ನನ್ ವಯಸ್ಸಿನೋರೂ ಓಡಾಡ್ತಾರೆ, ಆ ಮಳೆ ಅವ್ರಿಗೆ ಮತ್ತೆ ಕೇಳ್ಸೋದು ಬೇಡ."

ಇದನ್ನು ಉಜಿಹಾರಾನಿಗೆ ಹೇಳಿದೆ. ಅವನು ಸಿಟ್ಟಾದ. ಅದು ಯಾವ ಊರೂ ಅಲ್ಲ, ಬರೀ ಚುಕ್ಕಿಗಳು ಎಂದ. ಎಲ್ಲರೂ ಹೊಡೆಯುವ ಆಟವನ್ನೇ ಮಾಡುತ್ತಿಲ್ಲವೇ ಎಂದ. ಆ ವಾರ ಸಕಾಯಿಯಲ್ಲಿದ್ದ ತನ್ನ ತಾಯಿಯ ಮನೆಗೆ ಹೋದ. ಸಕಾಯಿ ಕೂಡ ಅದೇ ವರ್ಷದ ಬೇಸಿಗೆಯಲ್ಲಿ ಬಾಂಬಿಗೆ ಸುಟ್ಟ ಊರೇ. ತಾಯಿ ಮಗನ ಮುಂದೆ ಎಂದೂ ಅದರ ಸುದ್ದಿ ಎತ್ತಿರಲಿಲ್ಲ, ಅವನೂ ಕೇಳಿರಲಿಲ್ಲ. ಈಗ ಕೇಳಿದ. ಆಕೆ ಏನು ಹೇಳಿದರೋ ನನಗೆ ಅವನು ತಿಳಿಸಲಿಲ್ಲ. ತಿರುಗಿ ಬಂದವನು ಸೆನ್ನಿಚಿಮಾಯೆಗೆ ಹೋಗಿ, ಸಾಲಿನಲ್ಲಿದ್ದವರು ಬೈಯುತ್ತಿದ್ದರೂ ಯಂತ್ರದ ತಂತಿ ಕಿತ್ತು ಲಾರಿಗೆ ಹಾಕಿಸಿದ.

ಒಕಿಮುರಾ ಅವರು ಅವನ ಅಂಗಿ ಹಿಡಿದರು. ಟೋಕಿಯೋದ ದೊಡ್ಡ ಕಂಪನಿಯೊಂದು ಆ ಆಟವನ್ನು ಕೊಳ್ಳಲು ಮುಂದೆ ಬಂದಿತ್ತು. ಯಜಮಾನರೂ ಅವನನ್ನು ಕರೆದು ಬೈದರು: "ನಾನ್ ನಿಲ್ಸು ಅಂದ್ನೇನಯ್ಯ? ನನ್ ನೋವು ತಗೊಂಡ್ ನೀನ್ ಯಾಕೆ ಇವರ ಹೊಟ್ಟೆ ಮೇಲೆ ಹೊಡೀತೀಯ?"

"ನಿಮಗೋಸ್ಕರ ಅಲ್ಲ ಯಜಮಾನ್ರೆ," ಎಂದ ಉಜಿಹಾರಾ. "ನನ್ ಕೈಲಿ ಅದನ್ನ ಇನ್ನು ನೋಡಕ್ಕಾಗಲ್ಲ."

ಯಜಮಾನರು ಮತ್ತೆ ಒತ್ತಾಯಿಸಲಿಲ್ಲ, ಆಟ ಟೋಕಿಯೋಗೆ ಹೋಗಲಿಲ್ಲ. ಅದೇ ಬೀದಿ, ಅದೇ ಕಾಲುವೆ, ಅದೇ ಬೆಂಕಿಯನ್ನಿಟ್ಟುಕೊಂಡು ಅವನು ಆಟವನ್ನು ತಿರುಗಿಸಿ ಕಟ್ಟಿದ. ಈಗ ಆಡುವವನು ನೆಲದ ಮೇಲಿದ್ದ. ಬೆಂಕಿ ಮುಂದೆ ಬರುವ ಮೊದಲು ಮನೆಗಳ ಜನರನ್ನು ಸೇತುವೆ ದಾಟಿಸಬೇಕು. ವಿಮಾನ ಕಾಣುತ್ತಲೇ ಇರಲಿಲ್ಲ. ಬಾಂಬಿನ ಸದ್ದನ್ನು ನಾನು ತೆಗೆದುಹಾಕಿದೆ. ಓಡುವ ಹೆಜ್ಜೆಗಳ ಸದ್ದನ್ನಷ್ಟೇ ಉಳಿಸಿದೆ.

ಮೊದಲ ಯಂತ್ರ ಸಿದ್ಧವಾದ ದಿನ ಅವನು ತಾಯಿಯನ್ನು ಕಾರ್ಖಾನೆಗೆ ಕರೆತಂದ. ಗಂಟಿನಲ್ಲಿ ಎಲ್ಲರಿಗೂ ಕಿತ್ತಳೆ ತಂದಿದ್ದ ಸಣ್ಣ ಆಕಾರದ ಹೆಂಗಸು. ಕೋಲು ಹಿಡಿಯುವುದನ್ನು ಮಗ ತೋರಿಸಿಕೊಟ್ಟ. ಆಕೆಯ ಬೆರಳುಗಳಿಗೆ ವೇಗವಿರಲಿಲ್ಲ. ಮೊದಲ ಸಲ ಎಲ್ಲರೂ ಸುಟ್ಟುಹೋದರು, ಎರಡನೆಯ ಸಲವೂ ಹೋದರು. ಯಜಮಾನರು ಬಂದು ಆಕೆಯ ಹಿಂದೆ ನಿಂತರು. ಇಬ್ಬರಿಗೂ ಪರಸ್ಪರ ಗುರುತಿರಲಿಲ್ಲ. ಉಜಿಹಾರಾ ಸಾಕೆಂದು ಕೈ ಹಿಡಿದಾಗ ಆಕೆ ಕೊಡವಿಕೊಂಡು, "ಇನ್ನೊಂದ್ ಸಲ ಹಾಕೋ," ಎಂದರು. ಕೊನೆಗೊಮ್ಮೆ ಒಂದೇ ಒಂದು ಚುಕ್ಕಿಯ ಮನುಷ್ಯ ಸೇತುವೆ ದಾಟಿ ಆಚೆ ನಿಂತ. ಆಕೆ ಕೋಲು ಬಿಟ್ಟು ಮುಖ ಮುಚ್ಚಿಕೊಂಡರು. ಯಜಮಾನರು ಬೆನ್ನು ತಿರುಗಿಸಿ ಗೋಡೆಯ ಕಡೆ ನಿಂತರು.

ಆಟ ಓಡಲಿಲ್ಲ. ಅಂಗಡಿಯವರು ಒಬ್ಬೊಬ್ಬರಾಗಿ ಯಂತ್ರಗಳನ್ನು ವಾಪಸು ಕಳಿಸಿದರು. ಗೆಲ್ಲುವುದು ಕಷ್ಟ, ಗೆದ್ದರೂ ಮನಸ್ಸು ಭಾರವಾಗುತ್ತದೆ, ಎರಡನೆಯ ನಾಣ್ಯ ಯಾರೂ ಹಾಕುವುದಿಲ್ಲ ಎಂಬ ದೂರು. ಒಕಿಮುರಾ ಅವರು ಉಜಿಹಾರಾನ ಮುಖ ನೋಡದೆಯೇ ಕೆಲಸ ಬಿಟ್ಟುಹೋದರು. ಅವರಿಗೆ ಓದುವ ಮೂವರು ಮಕ್ಕಳಿದ್ದರು, ಅವರ ಸಿಟ್ಟು ಸುಳ್ಳಾಗಿರಲಿಲ್ಲ. ಮುಂದಿನ ವಸಂತದಲ್ಲಿ ಕಂಪನಿ ಬಾಗಿಲು ಹಾಕಿತು. ಯಜಮಾನರು ತಮಗೆ ಗೊತ್ತಿದ್ದ ಕಾರ್ಖಾನೆಗಳ ಬಾಗಿಲಿಗೆ ಕುಂಟುತ್ತ ಹೋಗಿ, ತಲೆಬಾಗಿ, ನಮ್ಮಲ್ಲಿ ಹೆಚ್ಚಿನವರಿಗೆ ಕೆಲಸ ಕೊಡಿಸಿದರು. ಒಕಿಮುರಾ ಅವರಿಗೂ ಕೊಡಿಸಿದರಂತೆ.

ಯಜಮಾನರು ತೀರಿಕೊಂಡಾಗ ನಾವೆಲ್ಲ ಸೇರಿದ್ದೆವು. ಉಜಿಹಾರಾ ಆಗ ಲಿಫ್ಟ್ ಮಾಡುವ ಕಂಪನಿಯಲ್ಲಿದ್ದ, ಕೂದಲು ಉದುರಿತ್ತು. ಊದುಬತ್ತಿ ಹಚ್ಚಿ ಹೊರಗೆ ಬಂದ ಮೇಲೆ, ಆ ಆಟ ಕಿತ್ತು ತಂದದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದೆ.

"ಅದಕ್ಕಿಲ್ಲ," ಎಂದ. "ಎರಡ್ನೇದು ತುಂಬಾ ಕಷ್ಟ ಮಾಡ್ಬಿಟ್ಟೆ ನಾನು. ಇನ್ನೊಂಚೂರು ಜನ ದಾಟೋ ಹಾಗೆ ಮಾಡ್ಬಹುದಿತ್ತು."

ಆಮೇಲೆ ಇಬ್ಬರೂ ರೈಲು ನಿಲ್ದಾಣದವರೆಗೆ ನಡೆದುಹೋದೆವು. ಅವನ ತಾಯಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆಂದೂ ಅಂಗಳದಲ್ಲಿ ಬದನೆ ಬೆಳೆಯುತ್ತಿದ್ದಾರೆಂದೂ ದಾರಿಯಲ್ಲಿ ಹೇಳಿದ.